ಸೇತುವೆಯ ಮುಂದೆ ಹೇಳಿದ ಊರು

ದೊಡ್ಡ ನಗರಗಳಲ್ಲಿ ಈಗ ನೋಡುವಂಥ ಜಾಗಗಳು ಹೆಚ್ಚುತ್ತಿವೆ. ಮೊದಲೆಲ್ಲ ನಗರಕ್ಕೆ ಹೋದವರು ಒಂದು ಕೋಟೆ, ಒಂದು ಗುಮ್ಮಟ ನೋಡಿ, ಕಾಲು ನೋಯಿಸಿಕೊಂಡು ಮರಳುತ್ತಿದ್ದರು. ಈಗ ಸೇತುವೆಯೂ ನೋಡುವಂಥದ್ದು, ಅದರ ಕಂಬಕ್ಕೆ ಬಳಿದ ಬಣ್ಣವೂ ನೋಡುವಂಥದ್ದು. ಸೇತುವೆ ಇರುವುದು ಹೊಳೆ ದಾಟಲು ಎಂದಷ್ಟೇ ತಿಳಿದಿದ್ದ ಕೃಷ್ಣಾ ತೀರದ ನನಗೆ ಇದು ಬಹಳ ನಗೆ ತರಿಸಿತ್ತು. ಹಾಗೆ ನಕ್ಕವನೇ ಕಳೆದ ಚಳಿಗಾಲದಲ್ಲಿ ಹೈದರಾಬಾದಿನ ಕೇಬಲ್ ಸೇತುವೆಯೆದುರು ತಂಪು ಕನ್ನಡಕ ಹಾಕಿಕೊಂಡು ನಿಂತಿದ್ದೆ. ಅಲ್ಲಿ ನಾನು ಮಾಡಿದ್ದು ಹೆಂಡತಿಯ ಹೊರತು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳಿಬಿಟ್ಟರೆ ಮನಸ್ಸು ಹಗುರಾದೀತು ಎಂಬ ಸ್ವಾರ್ಥದಿಂದ ಬರೆಯುತ್ತಿದ್ದೇನೆ.

ನಮ್ಮದು ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆ. ನಾನು ನಿವೃತ್ತ ಗುಮಾಸ್ತ. ನಮ್ಮ ಅಜ್ಜಂದಿರ ಕಾಲಕ್ಕೆ ಹೈದರಾಬಾದೇ ರಾಜಧಾನಿ. ನಿಜಾಮರ ಆಳ್ವಿಕೆ ಹೋಗಿ ಎಷ್ಟೋ ಕಾಲವಾದರೂ ನಾವಿನ್ನೂ ಜ್ವರ ಬಂದರೆ ದವಾಖಾನಿಗೇ ಹೋಗುತ್ತೇವೆ. ಅಂಥ ಹತ್ತಿರದ ನಗರದಲ್ಲಿ ನನ್ನ ಊರು ಹೇಳಲು ನನಗೆ ನಾಚಿಕೆ. ಒಮ್ಮೆ ರೈಲಿನಲ್ಲಿ ಎದುರು ಕೂತವನೊಬ್ಬ, ನಾನು ಯಾದಗಿರಿ ಕಡೆಯವನು ಎಂದ ಕೂಡಲೇ, “ಓ, ಕೂಲಿಯವರೆಲ್ಲ ಬರುತ್ತಾರಲ್ಲ, ಅಲ್ಲಿಯವರಾ?” ಎಂದಿದ್ದ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಂದಿನಿಂದ ಪರಸ್ಥಳದಲ್ಲಿ ನಾನು ಬೆಂಗಳೂರಿನವನು.

ಸೇತುವೆಯ ಚೆಂದವೆಲ್ಲ ಅದರ ದೀಪಗಳಲ್ಲಿದೆಯಂತೆ. ನಾವು ಹೋದದ್ದು ಮಟಮಟ ಮಧ್ಯಾಹ್ನ, ಯಾಕೆಂದರೆ ಸಂಜೆ ಐದಕ್ಕೆ ನಮ್ಮ ಬಸ್ಸು. ಹೆಂಡತಿ ನೀರು ಕುಡಿಯಲು ಆಚೆ ಹೋಗಿದ್ದಳು. ಪಕ್ಕದಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ ಕುಟುಂಬವೊಂದು ಹಿಂದಿಯಲ್ಲಿ ನನ್ನ ಊರು ಕೇಳಿತು. ಬೆಂಗಳೂರು ಎಂದೆ. ಅವರು ಗೌರವದಿಂದ ತಲೆಯಾಡಿಸಿದರು. ಆ ಗೌರವದಲ್ಲಿ ಬೀಗುತ್ತ ನಾನೂ ಸೆಲ್ಫಿಗೆ ಹೊರಟರೆ ಮೊಬೈಲು ಮಾತು ಕೇಳಲಿಲ್ಲ. “ಇದರ ಮನಿ ಹಾಳಾಗ, ಎಷ್ಟ್ ಒತ್ತಿದ್ರೂ ಬರವಲ್ದಲ್ಲ” ಎಂದು ಗೊಣಗಿದೆ.

ಕಾಲ ಬಳಿ ಹೊಸ ಹುಲ್ಲುಹಾಸು ಹಾಕುತ್ತಿದ್ದ ಹೆಂಗಸೊಬ್ಬಳು ತಟ್ಟನೆ ತಲೆಯೆತ್ತಿದಳು. ನಲವತ್ತೈದರ ಆಸುಪಾಸು, ಕೈತುಂಬ ಕೆಸರು, ಮುಖದ ತುಂಬ ನಗು.

“ಯಾವೂರ್ರಿ ನಿಮ್ದು? ನಮ್ಮ ಕಡಿ ಮಾತು ಕೇಳಿದಂಗಾತು. ನಾವು ದೋರನಹಳ್ಳಿಯವರ್ರಿ.”

ಶಹಾಪುರದ ಹತ್ತಿರದ ದೋರನಹಳ್ಳಿ. ನಮ್ಮ ಕಡೆ ಈ ಪ್ರಶ್ನೆಗೆ ಊರು ಹೇಳಿದರೆ ಮುಂದಿನದು “ಯಾರ ಪೈಕಿ?” ಎಂದೇ, ಅದಾದ ಮೇಲೆ ಸಂಬಂಧ ಸಿಗುವ ತನಕ ಯಾರೂ ಬಿಡುವುದಿಲ್ಲ. ಪಕ್ಕದ ಕುಟುಂಬ ಇನ್ನೂ ಅಲ್ಲೇ ಇತ್ತು. ನಾನು ದನಿ ತಿದ್ದಿಕೊಂಡು, “ಇಲ್ಲಮ್ಮ, ನಮ್ಮದು ಬೆಂಗಳೂರು” ಎಂದೆ.

“ಹೌದ್ರಿ?” ಎಂದು ಅವಳು ಮುಖ ಸಣ್ಣ ಮಾಡಿದಳು. ಆದರೂ, “ಸಾಹೇಬ್ರ, ಆ ಕಟ್ಟಿ ಮ್ಯಾಲ ನಿಂದರ್ರಿ, ಸೇತುವಿ ಪೂರಾ ಕಾಣ್ತದ. ಮೊನ್ನಿ ನಾವ ಕಟ್ಟೀವಿ” ಎಂದಳು. ಅವಳು ಕಟ್ಟಿದ ಕಟ್ಟೆಯ ಮೇಲೆ, ಅವಳಿಗೇ ಸುಳ್ಳು ಹೇಳಿ, ಹಲ್ಲು ಕಿಸಿದು ನಿಂತೆ. ಈ ಸಲ ಮೊಬೈಲು ಮಾತು ಕೇಳಿತು, ಫೋಟೋ ಚೆನ್ನಾಗಿಯೇ ಬಂದಿದೆ. ಈವರೆಗೆ ಯಾರಿಗೂ ತೋರಿಸಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ಅವಳ ದನಿ ರಂಗಂಪೇಟೆಯ ಓಣಿಗೆ ಹೇಳಿ ಮಾಡಿಸಿದ್ದು. “ಏನ್ರಿ, ಸುರಪುರ ಬಸ್ಸು ಐದಕ್ಕ ಅದ. ನಿಮ್ಮ ಫೋಟೋ ಮುಗೀತೋ ಇಲ್ಲೋ?”

ಹುಲ್ಲು ಒತ್ತುತ್ತಿದ್ದವಳ ಕೈ ನಿಂತಿತು. ಅವಳು ನನ್ನನ್ನು ನೋಡಿದಳು. ನಾಲ್ಕು ಮಾತು ಅಂದುಬಿಟ್ಟಿದ್ದರೆ ಬದುಕುತ್ತಿದ್ದೆ. ಅವಳು ಮೆಲ್ಲಗೆ, “ಬೆಂಗಳೂರಿಗಿ ಹೋಗಿ ಭಾಳ ವರ್ಷ ಆಗ್ಯಾವೇನ್ರಿ?” ಎಂದಳು. ನನ್ನ ಮಾನ ಉಳಿಸಲು ಅವಳೇ ದಾರಿ ಮಾಡಿಕೊಟ್ಟಿದ್ದಳು. ನಾನೋ, “ಹೌದಮ್ಮ, ಭಾಳ ವರ್ಷ” ಎಂದು ಆ ದಾರಿಯಲ್ಲಿ ನಡೆದೇಬಿಟ್ಟೆ. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ನೋಟಕ್ಕೆ ಹೆದರಿದ್ದು ಅದೇ ಮೊದಲು.

ಕೆಲಸದವರ ಊಟದ ಹೊತ್ತು. ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದರು. ಹೆಂಡತಿ ಅವರ ನಡುವೆ ಹೋಗಿ ಕೂತಳು. ಆ ಹೆಂಗಸಿನ ತಂಗಿಯನ್ನು ರಂಗಂಪೇಟೆಗೇ ಕೊಟ್ಟಿದ್ದಾರೆ, ಅದೂ ನಮ್ಮ ಹಿಂದಿನ ಓಣಿಗೆ, ಎಂಬುದು ಎರಡೇ ನಿಮಿಷದಲ್ಲಿ ಹೊರಬಿತ್ತು. ತುಸು ದೂರ ನಿಂತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಆಕೆ ಜೋಳದ ರೊಟ್ಟಿ ಮುರಿದು, ನನ್ನ ಕಡೆ ನೋಡಿ, ಹೆಂಡತಿಯನ್ನು ಕೇಳಿದಳು:

“ಅಕ್ಕಾ, ಸಾಹೇಬ್ರು ನಮ್ಮ ರೊಟ್ಟಿ ಉಣತಾರೇನ್ರಿ?”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದಳು. ನಿಂತಲ್ಲೇ ನೆಲಕ್ಕೆ ಕೂತು, “ನಾ ರಂಗಂಪೇಟಿಯವನ ಅದೀನಿ ತಂಗಿ. ಸುಳ್ಳ ಹೇಳೀನಿ. ರೊಟ್ಟಿ ಕೊಡು” ಎಂದೆ.

ಅವಳು ನಾನು ಕೂತ ಜಾಗ ನೋಡಿದಳು.

“ಹಂಗಾರ ಅಲ್ಲಿಂದ ಮೊದಲ ಏಳ್ರಿ ಅಣ್ಣಾ” ಎಂದಳು. “ಆ ಹುಲ್ಲು ಮುಂಜಾನಿ ಹಾಕೀವಿ. ಇನ್ನಾ ಬೇರು ಹಿಡಿದಿಲ್ಲ. ಈ ಕಡಿ ಬಂದು ಕುಂದರ್ರಿ.”

ಎದ್ದು ಹೋಗಿ ಅವಳು ತೋರಿಸಿದ ಕಡೆ ಕೂತೆ.