ಆ ಬೆಸುಗೆಗಳು ನನ್ನವಲ್ಲ

ಅಕ್ಕ, ನಿನ್ನ ಮುಂಗೈ ಮೇಲಿನ ಕಲೆಗಳು ರೊಟ್ಟಿ ಮಾಡುವಾಗ ಸುಟ್ಟವು ಎಂದು, ನಿನ್ನನ್ನು ನೋಡಲು ಬಂದವರಿಗೆ ನಾನು ಸುಳ್ಳು ಹೇಳಿದೆ. ಅವು ವೆಲ್ಡಿಂಗ್ ಕಿಡಿಯ ಕಲೆಗಳು. ಹೇಳಿದ್ದು ನಿನ್ನೆದುರಿಗೇ. 'ತಮ್ಮ ನನ್ನ ಮದುವೆ ಉಳಿಸಿದ' ಎಂದು ನೀನು ಇಂದಿಗೂ ನಂಬಿದ್ದೀಯ. ಅಲ್ಲ — ನಾನು ಉಳಿಸಿಕೊಂಡದ್ದು ನನ್ನ ಹೆಸರನ್ನು.

ಮೂಡಲಗಿಯ ನಮ್ಮ ಹಿತ್ತಲು ನೆನಪಿದೆಯಲ್ಲ? ಕಿಟಕಿ, ಗೇಟು ಮಾಡಿಕೊಂಡಿದ್ದ ಅಪ್ಪ ಮೊದಲ ಸಲ ಘೋಡಗೇರಿಯ ಬೆಲ್ಲದ ಗಾಣಕ್ಕೆ ಶೆಡ್ ಕಟ್ಟಲು ಒಪ್ಪಿಕೊಂಡಾಗ, ಛಾವಣಿಯ ಇಡೀ ಚೌಕಟ್ಟನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದಿದ್ದ. ಕಾಳು ಒಣಹಾಕಲು ಜಾಗವಿಲ್ಲವೆಂದು ಅವ್ವನ ರಂಪ. ಗೋಕಾಕದಿಂದ ಕಬ್ಬಿಣ ಬಂದಿಳಿದರೆ ಆ ಸದ್ದಿಗೆ ಓಣಿಯೇ ಬೈಯುತ್ತಿತ್ತು. ಎಷ್ಟು ಚೆಂದದ ದಿನಗಳು ಅವು!

ಅಪ್ಪನ ಕಣ್ಣು ಮಂಜಾಗತೊಡಗಿತ್ತು. ನನಗೋ ತಾಳ್ಮೆಯಿಲ್ಲ, ನಾನು ಹಚ್ಚಿದ ವೆಲ್ಡಿಂಗ್ ರಾಡ್ ಕಬ್ಬಿಣಕ್ಕೇ ಕಚ್ಚಿಕೊಂಡು ಕೂಡುತ್ತಿತ್ತು. ಒಂದು ದಿನ ನೀನು ಅದನ್ನು ನನ್ನ ಕೈಯಿಂದ ಕಸಿದುಕೊಂಡೆ — ಆಮೇಲೆ ಬಿಟ್ಟುಕೊಡಲೇ ಇಲ್ಲ. ಅಪ್ಪನ ಹಳೆಯ ಅಂಗಿ ತೊಟ್ಟು, ಕಣ್ಣಿಗೆ ಕರಿಗಾಜು ಹಿಡಿದು ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಹೆಣ್ಣುಮಗಳ ಕೆಲಸವೆಂದರೆ ಗಿರಾಕಿ ನಿಲ್ಲುವುದಿಲ್ಲ ಎಂದು ಅಪ್ಪ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ನೀನು ಬೆಸೆದದ್ದನ್ನು ಹುಕ್ಕೇರಿಯವರೆಗೂ ಒಯ್ದು ನಿಲ್ಲಿಸುತ್ತಿದ್ದವನು ನಾನು. ನನ್ನದೇ ಕೆಲಸವೆಂದು ಜನ ನನ್ನ ಬೆನ್ನು ತಟ್ಟಿದರು. ಹಾಗೆ ತಟ್ಟಿಸಿಕೊಳ್ಳುವುದು... ನನಗೆ ರುಚಿ ಹತ್ತಿತ್ತು.

ಬೆಲ್ಲದ ಬಾಗೇವಾಡಿ ಊರಿನಿಂದ ನಿನಗೆ ಸಂಬಂಧ ಬಂತು. ಹುಡುಗನದು ಟ್ರಾಕ್ಟರ್ ಟ್ರೇಲರ್ ರಿಪೇರಿ ಅಂಗಡಿ. ಅವರು ಬರುವ ಮುನ್ನ ಅಪ್ಪ ನನ್ನನ್ನು ಬದಿಗೆ ಕರೆದು ಹೇಳಿದ್ದು ನಿನಗೆ ಗೊತ್ತಿಲ್ಲ.

"ಇವರಿಗೆ ಖರೆ ಹೇಳಿಬಿಡೂನು. ಅಕಿ ಕೈ ಅವರಿಗೂ ಬೇಕಾಗ್ತೈತಿ, ಅಕಿ ಕೆಲಸಾನೂ ಉಳೀತೈತಿ."

ನಾನು ತಲೆಯಾಡಿಸಿದೆ. ಆದರೆ ನಿನ್ನ ಅತ್ತೆ ಕುಂಕುಮ ಹಚ್ಚಿ, ಕೈ ಹಿಡಿದು, "ಇದೇನವ್ವಾ, ಕೈಮ್ಯಾಲ?" ಎಂದಾಗ ನೀನು ಅಪ್ಪನ ಮುಖ ನೋಡಿದೆ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ —

"ರೊಟ್ಟಿ ಮಾಡೂ ಮುಂದ ಸುಟ್ಟಾವ್ರಿ," ಎಂದೆ.

ನಿಜ ಹೊರಬಿದ್ದರೆ ನಾಳೆ ಹುಕ್ಕೇರಿಯಲ್ಲಿ ನಾನ್ಯಾರು — ತಲೆಯಲ್ಲಿದ್ದದ್ದು ಅದೊಂದೇ. ಬಂದವರೆದುರು ಮಗನನ್ನು ಸುಳ್ಳುಗಾರನನ್ನಾಗಿ ಮಾಡಲಾರದೆ ಅಪ್ಪ ಸುಮ್ಮನಾದ. ಮದುವೆಯಾಗಿ ಹೋದ ನೀನು ಮತ್ತೆ ರಾಡ್ ಹಿಡಿಯಲಿಲ್ಲ. ನಾನು ಘಟಪ್ರಭಾದಿಂದ ಒಬ್ಬ ವೆಲ್ಡರನನ್ನು ಪಗಾರಕ್ಕೆ ಇಟ್ಟುಕೊಂಡೆ. ಅಂಗಡಿ ಬೆಳೆಯಿತು. ಬೋರ್ಡಿನ ಮೇಲೆ ಅಪ್ಪನ ಹೆಸರಿನ ಪಕ್ಕ ನನ್ನ ಹೆಸರು ಬಂತು.

ಮೊನ್ನೆ ನಿಮ್ಮ ಮನೆಗೆ ಬಂದಾಗ ಮಾವ, ನಿನ್ನ ಗಂಡ, ಟ್ರೇಲರ್ ರಿಪೇರಿ ಅಂಗಡಿ ಮುಚ್ಚಿದ ಮಾತು ತೆಗೆದರು.

"ಚಲೋ ವೆಲ್ಡರ್ ಒಬ್ಬಾಂವ ನಿಲ್ಲಲಿಲ್ಲೋ ತಮ್ಮಾ. ಮನ್ಯಾಗ ಯಾರರ ಕಲ್ತವರು ಇದ್ದಿದ್ರ ಮುಚ್ಚತಿರಲಿಲ್ಲ."

ನೀನು ಅಲ್ಲೇ ಶೇಂಗಾ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ನನ್ನ ಸುಳ್ಳನ್ನು ಇಷ್ಟು ವರ್ಷ ನೀನು ಕಾಪಾಡಿಕೊಂಡು ಬಂದಿದ್ದೀಯ — ನಿನ್ನ ಗಂಡನ ಅಂಗಡಿ ಮುಚ್ಚುವಾಗಲೂ. ಆದರೂ ಆಗಲೂ ನಾನು ಬಾಯಿ ಬಿಡದೆ ಎದ್ದು ಬಂದೆ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ರವಿವಾರ ಬರುತ್ತೇನೆ. ಮಾವನಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ. ನೀನು ಎದ್ದು ಒಳಗೆ ಹೋಗಬೇಡ, ಅಲ್ಲೇ ಕೂತಿರು. ಮಾವ ನಿನ್ನ ಕಡೆ ತಿರುಗಿ 'ಖರೆ ಏನೇ?' ಎಂದು ಕೇಳುತ್ತಾರೆ — ಈ ಸಲ ನಿನ್ನ ಪರವಾಗಿ ನಾನು ಉತ್ತರ ಹೇಳುವುದಿಲ್ಲ.