ಕ್ಷೇಮವಿಲ್ಲದ ಕಾರ್ಡು

ಹೋದ ಸೋಮವಾರ ಬೆಳಿಗ್ಗೆ ಹರವೆಯಲ್ಲಿ ಒಬ್ಬ ಗಂಡಸು ತಲೆ ಬೋಳಿಸಿಕೊಂಡು ಗುಂಡ್ಲುಪೇಟೆ ಬಸ್ಸಿನಿಂದ ಇಳಿದ. ಅಲ್ಲಿಂದ ತನ್ನ ಹಳ್ಳಿಯವರೆಗೆ ಅಳುತ್ತಲೇ ನಡೆದ. ಮನೆ ತಲುಪಿದಾಗ ಅವನ ತಾಯಿ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು.

ಆಕೆ ತೀರಿಕೊಂಡಳೆಂದು ಅವನಿಗೆ ತಿಳಿಸಿದ್ದು ಯಾರು? ನಾನು.

(ನನ್ನ ಕೈಯಿಂದಲ್ಲ. ಹದಿಮೂರು ವರ್ಷದ ಹುಡುಗಿಯ ಕೈಯಿಂದ ಬರೆಸಿದೆ. ಅದು ಇನ್ನೂ ಕೆಟ್ಟದ್ದು.)

ಆ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. (ಸ್ಕೂಲಿನ ಹೆಸರು ಬೇಡ, ಪಾಪ ಅದರದೇನೂ ತಪ್ಪಿಲ್ಲ.) ಬೆಳೆಯುವ ಮಕ್ಕಳಿಗೆ ಓದು ಬರಹದ ರುಚಿ ಹತ್ತಿಸುವುದು ಹೇಗೆ ಎಂದು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಉಪದೇಶ ಮಾಡಿದ್ದೆ. ಹಸು ಸಾಧು ಪ್ರಾಣಿ ಎಂದು ಇನ್ನೆಷ್ಟು ಕಾಲ ಬರೆಸುವುದು? ನಿಜವಾದ ಮನುಷ್ಯರಿಗೆ ನಿಜವಾದ ಕಾಗದ ಬರೆಸಿ ಎಂದಿದ್ದೆ. ಅದರಲ್ಲೂ 'ಇತ್ತ ಕಡೆ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು' ಎಂಬ ಸವಕಲು ಸಾಲು ಬೇಡವೇ ಬೇಡ ಎಂದಿದ್ದೆ. ಮೆಚ್ಚಿಕೊಂಡು ಇಬ್ಬರು ಓದುಗರು ಕಾರ್ಡು ಹಾಕಿದಿರಿ. ಇಬ್ಬರೂ ಕ್ಷೇಮದಿಂದಲೇ ಶುರು ಮಾಡಿದ್ದಿರಿ. ನನಗೆ ಬುದ್ಧಿಯಿದ್ದಿದ್ದರೆ ಆಗಲೇ ಅರ್ಥವಾಗಬೇಕಿತ್ತು.

ಆಗಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಪೋಸ್ಟ್ ಕಾರ್ಡು ಹಂಚಿದೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಪೀಠಿಕೆ ಬೇಡ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಎಲ್ಲವನ್ನೂ ವಿವರಿಸಬೇಡಿ, ಓದುವವರಿಗೂ ಸ್ವಲ್ಪ ಕೆಲಸ ಇರಲಿ.

ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ನನಗೆ ತೋರಿಸಬೇಕು. ನಾನು ತಿದ್ದಿದ ಮೇಲೆ ಕಾರ್ಡಿಗೆ ಇಳಿಸಬೇಕು. ಹೀಗೆ ಏರ್ಪಾಡು.

ಸಾಕಮ್ಮ ಎಂಬ ಹುಡುಗಿ ನಮ್ಮ ಸ್ಕೂಲಿನಲ್ಲಿದ್ದಾಳೆ. ಬೆಲ್ಲ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವಳು. ಅವಳ ಚಿಕ್ಕಪ್ಪ ಮರಿಯಪ್ಪ ವೈನಾಡಿನ ಕಾಫಿ ಎಸ್ಟೇಟಿನಲ್ಲಿ ಕೂಲಿಗಿದ್ದಾನೆ. ಊರು ಬಿಟ್ಟು ಎರಡು ವರ್ಷ, ಒಮ್ಮೆಯೂ ಬಂದಿಲ್ಲ. ಅವನಿಗೆ ಅವಳು ಬರೆದದ್ದು ಹೀಗೆ:

'ಅಜ್ಜಿಯ ಮಂಚವನ್ನು ಹೊರಗೆ ತಂದು ಹಾಕಿದ್ದಾರೆ. ಅವಳ ಎರಡು ಸೀರೆ ಒಗೆದು ಬೇಲಿಯ ಮೇಲೆ ಹರವಿದ್ದಾರೆ. ಅವಳ ಎಲೆಅಡಿಕೆ ಚೀಲ ಮಾತ್ರ ಗೂಟದಲ್ಲಿ ಹಾಗೇ ಇದೆ. ಮನೆಯೆಲ್ಲ ಖಾಲಿ. ಬೆಳಿಗ್ಗೆಯಿಂದ ಜನ ಬಂದು ನೋಡಿ ಹೋಗುತ್ತಿದ್ದಾರೆ. ಅಪ್ಪ ಯಾರ ಜೊತೆಯೂ ಮಾತಾಡುತ್ತಿಲ್ಲ. ನೀನು ಇರಬೇಕಾಗಿತ್ತು ಚಿಕ್ಕಪ್ಪ.'

ಎಷ್ಟು ಚೆನ್ನಾಗಿದೆ, ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಹತ್ತಕ್ಕೆ ಒಂಬತ್ತು ಕೊಟ್ಟೆ. ಕ್ಲಾಸಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಈಗ ನಿಜ ಹೇಳಿಬಿಡುತ್ತೇನೆ. ಅವಳ ನೋಟ್‌ಬುಕ್ಕಿನಲ್ಲಿ ಅಷ್ಟೇ ಇರಲಿಲ್ಲ. ಮೊದಲ ಸಾಲು, 'ಇಲ್ಲಿ ಎಲ್ಲರೂ ಕ್ಷೇಮ.' ಅದನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿದೆ. ಕೊನೆಯಲ್ಲಿ ಮೂರು ಸಾಲು: 'ಮಲೇರಿಯಾದವರು ಬಂದು ಗೋಡೆಗೆಲ್ಲ ಔಷಧಿ ಹೊಡೆಯುತ್ತಿದ್ದಾರೆ. ತಿಗಣೆಗಳೆಲ್ಲ ಸತ್ತು ಬೀಳುತ್ತಿವೆ. ಅಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾನೆ, ಅಜ್ಜಿ ಹೊಂಗೆ ಮರದ ಕೆಳಗೆ ಕೂತು ಎಲ್ಲರನ್ನೂ ಬಯ್ಯುತ್ತಿದ್ದಾಳೆ.' ಅದನ್ನೂ ಹೊಡೆದುಹಾಕಿದೆ. ಪಕ್ಕದಲ್ಲಿ ಷರಾ ಬರೆದೆ: 'ತಿಗಣೆಯಿಂದ ಭಾವ ಕೆಡುತ್ತದೆ.'

ಹುಡುಗಿ ಒಂದೇ ಮಾತು ಕೇಳಿದಳು. "ಸಾ, ಕ್ಷೇಮ ಅಂತ ಬರೀದೆ ಇದ್ರೆ ಚಿಕ್ಕಪ್ಪ ಗಾಬ್ರಿ ಆಗಲ್ವ?"

"ಓದುವವರನ್ನು ನಂಬಬೇಕಮ್ಮ" ಎಂದೆ.

ನಂಬಿದ್ದಾಯಿತು. ಮರಿಯಪ್ಪನಿಗೆ ಓದು ಬರುವುದಿಲ್ಲ. ಅಲ್ಲಿ ಕನ್ನಡ ಬಲ್ಲ ಅಂಗಡಿಯವನೊಬ್ಬ ಕಾರ್ಡು ಹಿಡಿದು, ಮೇಲೆ ಕ್ಷೇಮ ಕಾಣದೆ, ಹಿಂದೆ ಮುಂದೆ ತಿರುಗಿಸಿ ನೋಡಿದನಂತೆ. ನಮ್ಮ ಕಡೆ ಕ್ಷೇಮವಿಲ್ಲದ ಕಾರ್ಡು ಎಂದರೆ ಸಾವಿನ ಸುದ್ದಿ, ಬೇರೆ ಅರ್ಥವೇ ಇಲ್ಲ. ಇದು ಹಸುಗೂಸಿಗೂ ಗೊತ್ತು, ಕನ್ನಡ ಮೇಷ್ಟ್ರಿಗೆ ಮರೆತುಹೋಗಿತ್ತು. ಪೂರ್ತಿ ಓದುವ ಮೊದಲೇ ಅಂಗಡಿಯವನು ಅವನ ಹೆಗಲ ಮೇಲೆ ಕೈಯಿಟ್ಟ. ಕಾರ್ಡು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತದೆ ಎಂದು ಮರಿಯಪ್ಪ ಗುಂಡ್ಲುಪೇಟೆಯಲ್ಲೇ ತಲೆ ಕೊಟ್ಟು, ತಣ್ಣೀರು ಸುರಿದುಕೊಂಡು, ಹರವೆಯ ಬಸ್ಸು ಹತ್ತಿದ.

(ಉಳಿದ ಮಕ್ಕಳ ಕಾರ್ಡುಗಳು ಏನಾದವು ಎನ್ನುತ್ತೀರಾ? ಅವರು ನಾನು ತಿದ್ದಿದ್ದನ್ನು ಬದಿಗಿಟ್ಟು, ಕಾರ್ಡಿನ ಮೇಲೆ ಕ್ಷೇಮ ಬರೆದೇ ಡಬ್ಬಕ್ಕೆ ಹಾಕಿದ್ದರಂತೆ. ಮಾತು ಕೇಳದ ಮಕ್ಕಳು ಊರು ಉಳಿಸಿದರು. ನನ್ನನ್ನು ನಂಬಿದ್ದು ಸಾಕಮ್ಮ ಒಬ್ಬಳೇ.)

ಮಂಗಳವಾರ ಅವಳು ಸ್ಕೂಲಿಗೆ ಬರಲಿಲ್ಲ. ಬುಧವಾರವೂ ಇಲ್ಲ. ಅವಳಪ್ಪ ಬಿಡಿಸಿಬಿಟ್ಟ ಎಂದು ಮಕ್ಕಳು ಹೇಳಿದರು. ಮಿಡ್ಲ್ ಸ್ಕೂಲು ಮುಗಿಸುವ ಎಲ್.ಎಸ್. ಪರೀಕ್ಷೆಗೆ ಇನ್ನು ಎರಡೇ ತಿಂಗಳು. ನಮ್ಮ ಹಳ್ಳಿಗಳಲ್ಲಿ ಈ ವಯಸ್ಸಿನ ಹೆಣ್ಣು ಮಗು ಒಮ್ಮೆ ಸ್ಕೂಲು ಬಿಟ್ಟರೆ ಮುಗಿಯಿತು, ಮತ್ತೆ ಬರುವುದಿಲ್ಲ.

ಮನೆಯಲ್ಲಿ ಹೇಳಿಕೊಂಡೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಾ ಹೇಳಿದಳು: "ಹೋಗಿ ನಿಮ್ಮ ತಪ್ಪು ಅಂತ ಹೇಳಿ ಬನ್ನಿ. ಹಾಗೇ ನಿಮ್ಮ ಪಾಠದಿಂದ ಇನ್ನೂ ಯಾರಾದರೂ ಸತ್ತಿದ್ದಾರಾ ಅಂತ ವಿಚಾರಿಸಿಕೊಂಡು ಬನ್ನಿ."

ಹೋದೆ. ಜಗಲಿಯ ಮೇಲೆ ಹುಡುಗಿಯ ಅಪ್ಪ ನಿಂಗಯ್ಯ, ಪಕ್ಕದಲ್ಲಿ ಬೋಳುತಲೆಯ ಮರಿಯಪ್ಪ, ಮೂಲೆಯಲ್ಲಿ ಅಜ್ಜಿ. ಸಾಕಮ್ಮ ಬಾಗಿಲ ಹಿಂದೆ. ನಾನು ವಿದ್ಯೆಯ ಮಹತ್ವದಿಂದ ಶುರು ಮಾಡಿದೆ. (ಪೀಠಿಕೆ ಬೇಡ ಎಂದವನು ನಾನೇ.)

ನಿಂಗಯ್ಯ ಅರ್ಧಕ್ಕೇ ತಡೆದ. "ಬುಡಿ ಮೇಷ್ಟ್ರೆ. ಕಲ್ತದ್ದು ಸಾಕು. ಬದ್ಕಿರೋರ್ನ ಸಾಯ್ಸೋ ವಿದ್ಯ ನಮ್ಗ ಯಾಕ?"

ಬಾಗಿಲ ಹಿಂದೆ ಮೂಗೆಳೆಯುವ ಸದ್ದು ಕೇಳಿಸಿತು. ನನಗೆ ನಾಚಿಕೆಯಾಯಿತು. ಇದೊಂದನ್ನು ತಮಾಷೆಯಾಗಿ ಹೇಳಲು ನನಗೆ ಬರುವುದಿಲ್ಲ. ಮೂರು ದಿನದಿಂದ ಆ ಹುಡುಗಿ ಬೈಗುಳ ತಿಂದಿದ್ದಳು, ಆ ಸಾಲುಗಳನ್ನು ಮೇಷ್ಟ್ರು ಹೊಡೆದುಹಾಕಿದರು ಎಂದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಅವಳ ನೋಟ್‌ಬುಕ್ಕು ತರಿಸಿದೆ. ಕೆಂಪು ಗೀಟುಗಳನ್ನು ತೋರಿಸಿದೆ. "ಇವಳು ಕ್ಷೇಮ ಅಂತ ಬರೆದಿದ್ದಳು. ತಿಗಣೆ ವಿಷಯವನ್ನೂ ಬರೆದಿದ್ದಳು. ಎರಡನ್ನೂ ತೆಗೆಸಿದವನು ನಾನು. ಬೈಯುವುದಿದ್ದರೆ ನನ್ನನ್ನು ಬೈಯಿರಿ."

ಬೈಯುವ ಬದಲು ಮರಿಯಪ್ಪ ಆ ಕೆಂಪು ಗೀಟುಗಳ ಮೇಲೆ ಬೆರಳಾಡಿಸಿದ. ಅದು ಇನ್ನೂ ಕಷ್ಟವಾಯಿತು.

ಆಗ ಅಜ್ಜಿ ಹೇಳಿದಳು: "ಮೂರ್ ದಿನದಿಂದ ಎಲ್ರೂ ಆ ಕಾರ್ಡ್ ಇಡ್ಕಂಡು ಬಡ್ದಾಡ್ತಾವ್ರೆ. ನನ್ಗ ಒಬ್ರೂ ಓದಿ ಯೋಳ್ನಿಲ್ಲ. ಬಾ ಕಣಮ್ಮಿ, ಓದು."

ಸಾಕಮ್ಮ ಬಂದು ನಿಂತು ಕಾರ್ಡು ಓದಿದಳು. ಎಲೆಅಡಿಕೆ ಚೀಲ ಬಂದಾಗ ಅಜ್ಜಿ ಸೊಂಟ ಮುಟ್ಟಿ ನೋಡಿಕೊಂಡಳು, ಚೀಲ ಅಲ್ಲೇ ಇತ್ತು. 'ನೀನು ಇರಬೇಕಾಗಿತ್ತು ಚಿಕ್ಕಪ್ಪ' ಎಂಬಲ್ಲಿ ಮರಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಅಜ್ಜಿ ದೊಡ್ಡ ಮಗನ ಕಡೆ ತಿರುಗಿದಳು. "ಎರಡ್ ವರ್ಸದಿಂದ ತಿಂಗ್ಳು ತಿಂಗ್ಳೂ ಕ್ಸೇಮ ಕ್ಸೇಮ ಅಂತ ಬರ್ಸಿದ್ದೀಯಲ್ಲ ನಿಂಗ, ಇವ್ನು ಒಂದಪ ಆದ್ರೂ ಬಂದ್ನ? ಅವ್ವ ಕ್ಸೇಮವಾಗವ್ಳ, ಇನ್ಯಾಕ ಓಗದು ಅಂತ ಅಲ್ಲೇ ಕುಂತ. ಈ ಕೂಸು ಒಂದ್ ಕಾರ್ಡ್ ಬರುದ್ಲು. ಓಡ್ಬಂದ. ನಾಳ್ಯಿಂದ ಇವ್ಳು ಇಸ್ಕೂಲ್ಗ ಓಗ್ಲಿ."

ನಿಂಗಯ್ಯ ಏನೋ ಹೇಳಲು ಹೋದ. ಅಜ್ಜಿ ಮೊರ ಎತ್ತಿಕೊಂಡಳು. ಮಾತು ಮುಗಿಯಿತು.

ಹೊರಡುವಾಗ ನನಗೂ ಒಂದು ಕಟ್ಟಪ್ಪಣೆ ಆಯಿತು. "ಮೇಷ್ಟ್ರೆ, ಆ ಕೆಂಪು ಸಾಯಿನ ನಮ್ಮ ಕೂಸಿನ ಕಾಗ್ದುಕ್ಕ ತಾಕುಸ್ಬ್ಯಾಡಿ. ತಿಗಣ ಇದ್ರೆ ಇರ್ಲಿ."

ಮಾರನೆಯ ದಿನ ಸಾಕಮ್ಮ ಬಂದಳು. ನಾನು ಇಂಕಿನ ಬಾಟ್ಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಆದರೂ ಅವರ ಮನೆಯಿಂದ ವಾಪಸು ಬರುವ ದಾರಿಯಲ್ಲಿ ಹತ್ತಿದ ಒಂದು ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಹದಿಮೂರರ ಹುಡುಗಿ ಏಳು ಸಾಲು ಬರೆದು, ಎರಡು ವರ್ಷ ಅಲುಗಾಡದವನನ್ನು ಊರಿಗೆ ತಂದಳು. ನಾನು ನಾಲ್ಕು ವರ್ಷದಿಂದ ವಾರ ತಪ್ಪದೆ ಇಲ್ಲಿ ಬರೆಯುತ್ತಿದ್ದೇನೆ.

ಓದಿ, ನಿಮ್ಮಲ್ಲಿ ಒಬ್ಬರಾದರೂ ಬಸ್ಸು ಹತ್ತಿದ್ದೀರಾ?