ಪೋರ್ಟಿಗೆ ನೇರವಾಗಿ ಕೊಟ್ಟ ಮೋಟಾರು

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನದು ಡಿಪ್ಲೊಮಾದ ಕೊನೆಯ ವರ್ಷ. ತುಮಕೂರಿನ ನಮ್ಮ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇದ್ದದ್ದು ಒಂದೇ ಮೈಕ್ರೋಪ್ರೊಸೆಸರ್ ಕಿಟ್. ಹಸಿರು ಬೋರ್ಡು, ಕ್ಯಾಲ್ಕುಲೇಟರಿನಂಥ ಕೀಲಿಗಳು, ಆರು ಕೆಂಪು ಅಂಕಿಗಳು. ಇಡೀ ತರಗತಿ ಅದಕ್ಕಾಗಿ ಸರದಿ ಕಾಯುತ್ತಿತ್ತು. ಕೆಲಸ ಮುಗಿದ ಮೇಲೆ ಬಟ್ಟೆ ಹೊದಿಸಿಯೇ ಏಳಬೇಕೆಂದು ಮೇಷ್ಟ್ರ ಕಟ್ಟಪ್ಪಣೆ.

ನನ್ನ ಪ್ರಾಜೆಕ್ಟು ರೈಲ್ವೆ ಗೇಟಿನ ಮಾದರಿ. ದಿನವೂ ಗುಬ್ಬಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದವಳಿಗೆ ಬೇರೇನು ಹೊಳೆದೀತು? ರಟ್ಟಿನ ಗೇಟು; ಅದನ್ನು ಎತ್ತಿ ಇಳಿಸಲು ಕೆಟ್ಟ ಟೇಪ್ ರೆಕಾರ್ಡರಿನಿಂದ ಬಿಚ್ಚಿದ ಪುಟ್ಟ ಮೋಟಾರು. ಕಿಟ್ಟಿನಿಂದ ಹೊರಗೆ ಹೋಗುವ ತಂತಿಗಳ ಜಾಗಕ್ಕೆ ಪೋರ್ಟ್ ಎನ್ನುತ್ತಿದ್ದೆವು. ಅಲ್ಲಿಗೆ ಸಣ್ಣ ಎಲ್‌ಇಡಿ ದೀಪ ಜೋಡಿಸಿ, ನನ್ನ ಪ್ರೋಗ್ರಾಂ ಅದನ್ನು ಹತ್ತಿಸಿ ಆರಿಸುವುದನ್ನು ನೋಡಿದ್ದೆ. "ಮೋಟಾರ್‌ಗೆ ಬೇರೆ ಸರ್ಕ್ಯೂಟ್ ಬೇಕು. ಕಟ್ಟಿ ನನಗೆ ತೋರ್ಸು, ಆಮೇಲೆ ಕನೆಕ್ಷನ್ ಕೊಡು" ಎಂದು ಮೇಷ್ಟ್ರು ಹೇಳಿದ್ದರು. ಪರೀಕ್ಷೆಗೆ ಇನ್ನು ಐದೇ ದಿನ. ಮೇಷ್ಟ್ರು ಅವತ್ತು ಸ್ಟಾಫ್ ಮೀಟಿಂಗಿನಲ್ಲಿದ್ದರು. ನನಗೆ ತಡೆಯಲಾಗಲಿಲ್ಲ. ದೀಪ ತೆಗೆದು ಅದೇ ತಂತಿಗಳಿಗೆ ಮೋಟಾರು ಸಿಕ್ಕಿಸಿದೆ.

ಮೋಟಾರು ಒಮ್ಮೆ ನಡುಗಿತು. ಕೆಂಪು ಅಂಕಿಗಳು ಕಲಸಿಹೋದವು. ಬೋರ್ಡಿನಿಂದ ಸಣ್ಣಗೆ ಸುಟ್ಟ ವಾಸನೆ ಬಂತು. ಗಾಬರಿಯಲ್ಲಿ ಸ್ವಿಚ್ ಆರಿಸಿ, ಮೋಟಾರು ಕಿತ್ತು, ಮತ್ತೆ ಸ್ವಿಚ್ ಹಾಕಿದೆ. ಅಂಕಿಗಳೇನೋ ಮರಳಿ ಬಂದವು. ಆದರೆ ದೀಪ ಜೋಡಿಸಿದರೆ ಹತ್ತುತ್ತಿಲ್ಲ. ಪೋರ್ಟು ಸತ್ತಿತ್ತು. ಸುತ್ತ ನೋಡಿದೆ, ಯಾರೂ ಗಮನಿಸಿರಲಿಲ್ಲ. ಬಟ್ಟೆ ಹೊದಿಸಿ ಎದ್ದುಬಿಟ್ಟೆ.

ನನ್ನ ನಂತರದ ಸರದಿ ಕುಣಿಗಲ್ಲಿನಿಂದ ಬರುತ್ತಿದ್ದ ಸಹಪಾಠಿಯದು. ಸಂಕೋಚದ ಹುಡುಗ. ಹಿಂದೊಮ್ಮೆ ತಪ್ಪು ಕನೆಕ್ಷನ್ ಕೊಟ್ಟು ಲ್ಯಾಬಿನ ಫ್ಯೂಸ್ ಹಾರಿಸಿದ್ದನೆಂದು ಅವನ ಮೇಲೆ ಎಲ್ಲರಿಗೂ ಮೊದಲೇ ಅನುಮಾನ. ಅರ್ಧ ಗಂಟೆ ತಿಣುಕಾಡಿ, ಅವನೇ ಹೋಗಿ ಮೇಷ್ಟ್ರನ್ನು ಕರೆತಂದ. ಅವರು ಬೋರ್ಡು ಮೂಸಿ ನೋಡಿದರು. ಮುಖ ಕೆಂಪಾಯಿತು.

"ಏನ್ ಕೊಟ್ಯೋ ಇದಕ್ಕೆ?"

"ನಾನೇನೂ ಕೊಟ್ಟಿಲ್ಲ ಸಾರ್. ನಾನ್ ಬಂದಾಗ್ಲೇ ಹಿಂಗಿತ್ತು."

"ಸುಟ್ಟ ವಾಸ್ನೆ ತಾನಾಗೇ ಬಂತಾ? ನಿಜ ಹೇಳೋವರ್ಗೂ ಲ್ಯಾಬ್‌ಗೆ ಕಾಲಿಡ್ಬೇಡ. ಪರೀಕ್ಷೆಗೂ ಕೂರ್ಸಲ್ಲ."

ನಾನು ಮೂರು ಬೆಂಚಿನಾಚೆ ಕೂತು ರೆಕಾರ್ಡ್ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. ಬಾಯಿ ತೆರೆಯಬೇಕೆಂದುಕೊಂಡೆ. ಅವನು ಬ್ಯಾಗು ಎತ್ತಿಕೊಂಡು ಹೊರಗೆ ಹೋದ. ಗೆರೆ ಎಳೆಯುತ್ತಲೇ ಇದ್ದೆ.

ಮರುದಿನ ಅವನು ಕಾರಿಡಾರಿನ ಕಿಟಕಿಯ ಬಳಿ ನಿಂತೇ ಇದ್ದ, ಒಳಗೆ ಬರಲಿಲ್ಲ. ನಾನು ತಲೆ ತಗ್ಗಿಸಿಕೊಂಡು ದಾಟಿದೆ.

ಅವತ್ತು ಸಂಜೆ ಮನೆಗೆ ಹೋದಾಗ ಅಪ್ಪ ತೆಂಗಿನ ತೋಟದಲ್ಲಿ ಪಂಪ್‌ಸೆಟ್ ಮನೆಯ ಮುಂದೆ ಕೂತಿದ್ದರು. ಕರೆಂಟಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಕಿಟ್ಟು, ಪೋರ್ಟು ಅವರಿಗೆ ಗೊತ್ತಿಲ್ಲದ ಮಾತು. ಆದರೂ ತಡವಿಲ್ಲದೆ ವಿಷಯ ಹಿಡಿದುಕೊಂಡರು.

"ಸ್ಟಾರ್ಟರ್ ಇಲ್ದಂಗೆ ಮೋಟರ್‌ಗೆ ಕರೆಂಟ್ ಕೊಟ್ಟೆ ಅನ್ನು."

"ಹೂಂ, ಹೆಚ್ಚುಕಮ್ಮಿ ಹಂಗೇ."

"ಅದು ಸುಟ್ಟೋಯ್ತು, ಬುಡು. ಆ ಹುಡ್ಗಂಗೆ ಏನ್ ಹೇಳ್ದೆ?"

"ಏನೂ ಹೇಳಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. "ನಾಳೆ ಫಸ್ಟ್ ರೈಲ್‌ಗೇ ಹೋಗು" ಎಂದಷ್ಟೇ ಹೇಳಿ ಎದ್ದರು.

ಬೆಳಿಗ್ಗೆ ಮೇಷ್ಟ್ರು ಲ್ಯಾಬಿನ ಬೀಗ ತೆಗೆಯುವಾಗಲೇ ಬಾಗಿಲಲ್ಲಿ ನಿಂತಿದ್ದೆ. "ಸಾರ್, ಕಿಟ್ ಸುಟ್ಟಿದ್ದು ನಾನು. ಅವ್ನಲ್ಲ." ಮೋಟಾರನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಅದನ್ನು ಅವರ ಮೇಜಿನ ಮೇಲಿಟ್ಟೆ.

ಅವರು ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಒಂದು ಟ್ರಾನ್ಸಿಸ್ಟರು, ಮೋಟಾರಿಗೆ ಅಡ್ಡಲಾಗಿ ಒಂದು ಡಯೋಡು ಬರೆದರು. ಪೋರ್ಟು ನಡೆಸುವ ಚಿಪ್ಪಿಗೆ ಮೋಟಾರು ಹೊರುವ ಶಕ್ತಿಯಿಲ್ಲ, ಅದು ಟ್ರಾನ್ಸಿಸ್ಟರಿಗೆ ಸನ್ನೆ ಮಾಡಿದರೆ ಸಾಕು, ಮೋಟಾರಿಗೆ ಬೇಕಾದ ಕರೆಂಟು ಬೇರೆ ಬ್ಯಾಟರಿಯಿಂದ ಬರಲಿ ಎಂದರು. ಕರೆಂಟು ನಿಂತ ಗಳಿಗೆಯಲ್ಲಿ ಮೋಟಾರು ಹಿಂದಕ್ಕೆ ವೋಲ್ಟೇಜಿನ ಒದೆತ ಕೊಡುತ್ತದೆ, ಆ ಒದೆತ ತಿನ್ನಲು ಡಯೋಡು. ಅಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟರು.

"ಇದನ್ನ ಕಟ್ಕೊಂಡ್ ಬಾ. ಅದಕ್ಕೂ ಮುಂಚೆ ಅವನನ್ನ ಕರ್ಕೊಂಡ್ ಬಾ. ನಾನೂ ಅವನ ಹತ್ರ ತಪ್ಪಾಯ್ತು ಅನ್ಬೇಕು."

ಅವನನ್ನು ಕರೆತಂದೆ. ಮೇಷ್ಟ್ರು ಎಲ್ಲರ ಮುಂದೆಯೇ ಆ ಮಾತು ಅಂದರು. ಅವನು ನೆಲ ನೋಡುತ್ತ "ಪರ್ವಾಗಿಲ್ಲ ಸಾರ್" ಎಂದ. ನನ್ನ ಕಡೆ ತಿರುಗಲೇ ಇಲ್ಲ.

ಹೊಸ ಚಿಪ್ಪನ್ನು ಮೇಷ್ಟ್ರೇ ಬೆಂಗಳೂರಿನಿಂದ ತಂದರು. ಅದು ಬೋರ್ಡಿನಲ್ಲಿ ಕೂರುವಷ್ಟರಲ್ಲಿ ಪರೀಕ್ಷೆಯ ಹಿಂದಿನ ದಿನದ ಮಧ್ಯಾಹ್ನವಾಗಿತ್ತು. ಮೊದಲ ಸರದಿ ಅವನಿಗೆ, ಕೊನೆಯ ಒಂದು ಗಂಟೆ ನನಗೆ ಸಿಕ್ಕಿತು. ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಹತ್ತು ಸಲ ಎಣಿಸಿದೆ. ಮೇಷ್ಟ್ರು ಬಂದು ನೋಡಿ ತಲೆಯಾಡಿಸಿದ ಮೇಲೂ ಸ್ವಿಚ್ಚಿಗೆ ಬೆರಳು ಹೋಗಲಿಲ್ಲ.

"ಹಾಕಮ್ಮ. ಎಷ್ಟೊತ್ತು ಅಂತ ನೋಡ್ತೀಯ?"

ಹಾಕಿದೆ. ಅಂಕಿಗಳು ಕದಲಲಿಲ್ಲ. ಮೋಟಾರು ಗುಂಯ್‌ಗುಟ್ಟಿತು, ರಟ್ಟಿನ ಗೇಟು ಕುಂಟುತ್ತ ಮೇಲೆದ್ದಿತು.

ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಡಯೋಡನ್ನು ತೋರಿಸಿ "ಇದು ಇಲ್ಲದಿದ್ದರೆ ಏನಾಗುತ್ತೆ?" ಎಂದು ಕೇಳಿದರು. ಒದೆತದ ವಿಷಯ ಹೇಳಿದೆ. ಇದ್ಯಾವುದೂ ಇಲ್ಲದೆ ನಾನು ಒಂದು ಚಿಪ್ಪು ಸುಟ್ಟದ್ದನ್ನೂ ಹೇಳಿದೆ. ಅವರು ನಕ್ಕರು. ಪಕ್ಕದಲ್ಲಿದ್ದ ಮೇಷ್ಟ್ರು ನಗಲಿಲ್ಲ.

ಇಬ್ಬರೂ ಪಾಸಾದೆವು. ಫಲಿತಾಂಶ ನೋಡಲು ಬಂದ ದಿನ ಅವನು ತಾನಾಗಿಯೇ ನನ್ನ ಹತ್ತಿರ ಬಂದು ನಿಂತ.

"ನೀನಾಗೇ ಹೇಳ್ದೆ, ಸರಿ. ಆದ್ರೆ ಅವತ್ತು ಸಾರ್ ನನ್ನ ಬೈತಿದ್ದಾಗ ನೀನು ಅಲ್ಲೇ ಕೂತಿದ್ದೆ ಅಲ್ವಾ?"

"ಕೂತಿದ್ದೆ."

"ಅದೇ ಬೇಜಾರು ಕಣಮ್ಮ" ಎಂದ. ಕುಣಿಗಲ್ ಬಸ್ಸಿಗೆ ಹೊತ್ತಾಯಿತೆಂದು ಹೊರಟ.